ನಾಲ್ಕು ಸ್ವರ ಹಿಂದೆ

ಲಂಡನ್ನಿಗೆ ಹೋದ ಕನ್ನಡಿಗರು ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಯ ಮುಂದೆ ಒಂದು ಫೋಟೊ ತೆಗೆಸಿಕೊಳ್ಳದೆ ಬರುವುದು ಅಪರೂಪ. 2015ರ ನವೆಂಬರಿನಲ್ಲಿ ಅನಾವರಣಗೊಂಡ ಆ ಪ್ರತಿಮೆ ಇರುವುದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ. ಅಲ್ಲಿಂದ ನದಿಯ ಗುಂಟ ಲ್ಯಾಂಬೆತ್ ಸೇತುವೆಯತ್ತ ಸ್ವಲ್ಪ ನಡೆದರೆ ಕೆಂಪು ಇಟ್ಟಿಗೆಯ ಹಳೆಯ ಹೆಬ್ಬಾಗಿಲೊಂದು ಕಾಣುತ್ತದೆ. ಅದು ಲ್ಯಾಂಬೆತ್ ಅರಮನೆ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಲಂಡನ್ ನಿವಾಸ. ಹೆಚ್ಚಿನವರು ಅದನ್ನು ಗಮನಿಸದೆ ಪಾರ್ಲಿಮೆಂಟ್ ಕಟ್ಟಡದ ಕಡೆಗೆ ದಾಟಿಬಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಹೊರಗಿನಿಂದ ನೋಡಲು ಅಲ್ಲಿ ಬಾಗಿಲೊಂದೇ.

ಆ ಅರಮನೆಯ ಪ್ರಾರ್ಥನಾ ಮಂದಿರದಲ್ಲಿ ಮ್ಯಾಥ್ಯೂ ಪಾರ್ಕರ್ ಎಂಬ ಆರ್ಚ್‌ಬಿಷಪ್ಪನ ಸಮಾಧಿ ಇದೆ. ಬದುಕಿದ್ದಾಗಲೂ ಸತ್ತ ಮೇಲೂ ಈತನನ್ನು ನೆಮ್ಮದಿಯಾಗಿರಲು ಬಿಟ್ಟವರು ಕಡಿಮೆ. 1553ರಲ್ಲಿ ಕಥೋಲಿಕ ರಾಣಿ ಮೇರಿ ಪಟ್ಟಕ್ಕೆ ಬಂದಾಗ, ಮದುವೆಯಾದ ಪಾದ್ರಿ ಎಂಬ ಕಾರಣಕ್ಕೆ ಪಾರ್ಕರ್ ಸ್ಥಾನಮಾನಗಳನ್ನು ಕಳೆದುಕೊಂಡ. ಊರೂರು ಅಡಗಿಕೊಂಡು ತಿರುಗಿದ. ರಾತ್ರಿಯ ಹೊತ್ತು ತಪ್ಪಿಸಿಕೊಂಡು ಹೋಗುವಾಗ ಕುದುರೆಯಿಂದ ಬಿದ್ದು ಆದ ಪೆಟ್ಟು ಕೊನೆಯವರೆಗೂ ಕಾಡಿತು. ಸತ್ತು ಎಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1648ರಲ್ಲಿ, ಪ್ಯೂರಿಟನ್ನರು ಅವನ ಮೂಳೆಗಳನ್ನು ಅಗೆದು ತೆಗೆದು ತಿಪ್ಪೆಯಲ್ಲಿ ಹೂತರು. ರಾಜಪ್ರಭುತ್ವ ಮರಳಿದ ಮೇಲೆ ಹುಡುಕಿ ತಂದು ಮತ್ತೆ ಅದೇ ಮಂದಿರದಲ್ಲಿ ಮಣ್ಣು ಮಾಡಬೇಕಾಯಿತು.

ಅಡಗಿಕೊಂಡಿದ್ದ ಆ ವರ್ಷಗಳಲ್ಲಿ ಪಾರ್ಕರ್ ಸುಮ್ಮನೆ ಕೂರಲಿಲ್ಲ. ಬೈಬಲ್ಲಿನ ನೂರೈವತ್ತು ಕೀರ್ತನೆಗಳನ್ನೂ ಇಂಗ್ಲಿಷ್ ಛಂದಸ್ಸಿಗೆ ತಂದ. ರಾಣಿ ಎಲಿಜಬೆತ್ 1559ರಲ್ಲಿ ಅವನನ್ನು ಆರ್ಚ್‌ಬಿಷಪ್ ಮಾಡಿದಳು. ಆ ಪದ್ಯಗಳು ಜಾನ್ ಡೇ ಎಂಬ ಮುದ್ರಕನ ಕೈಯಲ್ಲಿ ಪುಸ್ತಕವಾದದ್ದು ಸುಮಾರು 1567ರಲ್ಲಿ. ಪದ್ಯಗಳು ಅಂಥ ಹೇಳಿಕೊಳ್ಳುವಂಥವೇನಲ್ಲ. ಪ್ರಾಸಕ್ಕಾಗಿ ಪದಗಳನ್ನು ಎಳೆದು ತಂದು ಕೂರಿಸಿದ್ದು ಎದ್ದು ಕಾಣುತ್ತದೆ. ಇಂದು ಆ ಪುಸ್ತಕವನ್ನು ಯಾರಾದರೂ ನೆನೆಯುವುದಿದ್ದರೆ ಅದರ ಕೊನೆಯಲ್ಲಿ ಸೇರಿಸಿದ ಒಂಬತ್ತು ಪುಟ್ಟ ಮಟ್ಟುಗಳಿಗಾಗಿ. ನಾಲ್ಕು ದನಿಗಳಿಗೆ ಆ ಮಟ್ಟುಗಳನ್ನು ಕಟ್ಟಿಕೊಟ್ಟವನು ರಾಜಮನೆತನದ ಗಾಯಕವೃಂದವಾದ ಚಾಪೆಲ್ ರಾಯಲ್ಲಿನ ತಾಮಸ್ ಟ್ಯಾಲಿಸ್.

ಮೊದಲ ಎಂಟು ಮಟ್ಟುಗಳು ಅಂದಿನ ಯುರೋಪಿನ ಎಂಟು ಮೋಡ್‌ಗಳಲ್ಲಿವೆ. ಮೋಡ್ ಎಂದರೆ ನಮ್ಮ ಮೇಳಕ್ಕೆ ಹತ್ತಿರದ ಒಂದು ಸ್ವರವ್ಯವಸ್ಥೆ. ಪುಸ್ತಕದಲ್ಲಿ ಒಂದೊಂದರ ಸ್ವಭಾವವನ್ನೂ ಪದ್ಯದಲ್ಲಿ ಹೇಳಿದ್ದಾರೆ: ಒಂದು ಸೌಮ್ಯ, ಇನ್ನೊಂದು ದುಃಖದ್ದು, ಮೂರನೆಯದು ಕೆರಳಿದ್ದು, ಹೀಗೆ. ರಾಗಕ್ಕೊಂದು ರಸ, ಹೊತ್ತಿಗೊಂದು ರಾಗ ಎಂದು ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. ಎಂಟನೆಯದಕ್ಕೆ ಅವರು ಕೊಟ್ಟ ಗುಣ, ಮೆತ್ತಗೆ, ಹದವಾದ ನಡೆಯಲ್ಲಿ ಸಾಗುವಂಥದ್ದು ಎಂದು. ಈ ಬರಹ ಆ ಎಂಟನೆಯದರ ಬಗ್ಗೆ.

ಮೂರನೆಯದರ ಕಥೆಯನ್ನು ಮಾತ್ರ ಇಲ್ಲಿಯೇ ಹೇಳಿ ಮುಗಿಸಬೇಕು. 1906ರಲ್ಲಿ ಪ್ರಕಟವಾದ ‘ಇಂಗ್ಲಿಷ್ ಹಿಮ್ನಲ್’ ಎಂಬ ಭಕ್ತಿಗೀತೆಗಳ ಪುಸ್ತಕಕ್ಕೆ ಮಟ್ಟುಗಳನ್ನು ಹುಡುಕುತ್ತಿದ್ದ ರಾಲ್ಫ್ ವಾನ್ ವಿಲಿಯಮ್ಸ್ ಕಣ್ಣಿಗೆ ಅದು ಬಿತ್ತು. ಅದನ್ನೇ ಬೀಜವಾಗಿಟ್ಟುಕೊಂಡು ತಂತಿವಾದ್ಯಗಳಿಗೆ ಒಂದು ಫ್ಯಾಂಟಸಿಯಾ ಬರೆದರು. 1910ರ ಸೆಪ್ಟೆಂಬರ್ 6ರಂದು ಗ್ಲೌಸ್ಟರ್ ಕಥೀಡ್ರಲ್ಲಿನಲ್ಲಿ ಅದು ಮೊದಲ ಸಲ ಕೇಳಿಸಿತು. ಸಭೆಯಲ್ಲಿ ಹರ್ಬರ್ಟ್ ಹೊವೆಲ್ಸ್, ಐವರ್ ಗರ್ನಿ ಎಂಬ ಇಬ್ಬರು ಹುಡುಗರಿದ್ದರು. ಅದನ್ನು ಕೇಳಿದ ಮೇಲೆ ನಿದ್ದೆ ಬಾರದೆ ರಾತ್ರಿ ಊರ ಬೀದಿಗಳನ್ನು ಸುತ್ತಿದರಂತೆ. ಗರ್ನಿ ಮುಂದೆ ಮೊದಲ ಮಹಾಯುದ್ಧದ ಕವಿಯಾದರು. ಆಗ ಹದಿನೇಳರ ಹುಡುಗನಾಗಿದ್ದ ಹೊವೆಲ್ಸ್ ಮುಂದೆ ಇಂಗ್ಲೆಂಡಿನ ಕಥೀಡ್ರಲ್ಲುಗಳಿಗೆ ಸಾಲುಸಾಲಾಗಿ ಸಂಜೆಯ ಸ್ತೋತ್ರಗಳನ್ನು ಬರೆದುಕೊಟ್ಟರು.

ಸಂಜೆಯ ಸ್ತೋತ್ರ ಎಂದರೇನು ಎಂಬುದನ್ನು ಕೊಂಚ ಬಿಡಿಸಿ ಹೇಳಬೇಕು. ಕಥೋಲಿಕ ಮಠಗಳಲ್ಲಿ ದಿನಕ್ಕೆ ಹಲವು ಹೊತ್ತಿನ ಪ್ರಾರ್ಥನೆಗಳಿದ್ದವು. ಸೂರ್ಯ ಇಳಿಯುವಾಗ ವೆಸ್ಪರ್ಸ್, ಮಲಗುವ ಮುಂಚೆ ಕಾಂಪ್ಲಿನ್. ಇಂಗ್ಲೆಂಡಿನ ಚರ್ಚು ರೋಮಿನಿಂದ ಬಿಡಿಸಿಕೊಂಡ ಮೇಲೆ, 1549ರ ಪ್ರಾರ್ಥನಾ ಪುಸ್ತಕದಲ್ಲಿ ಇವೆರಡನ್ನೂ ಕೂಡಿಸಿ ಒಂದೇ ಸಂಜೆಯ ಪ್ರಾರ್ಥನೆ ಮಾಡಿದರು. ಜನ ಅದನ್ನು ಈವನ್‌ಸಾಂಗ್ ಎನ್ನುತ್ತಾರೆ. ವೆಸ್ಪರ್ಸ್‌ನಿಂದ ಬಂದದ್ದು ಗರ್ಭಿಣಿ ಮರಿಯಳು ಹಾಡಿದ ಮ್ಯಾಗ್ನಿಫಿಕಾಟ್. ಕಾಂಪ್ಲಿನ್‌ನಿಂದ ಬಂದದ್ದು, ಕೂಸು ಯೇಸುವನ್ನು ಎತ್ತಿಕೊಂಡ ಮುದುಕ ಸಿಮೆಯೋನ ಇನ್ನು ನನ್ನನ್ನು ಕಳುಹಿಸಿಕೊಡು ಎಂದು ದೇವರಿಗೆ ಹೇಳಿದ ನುಂಕ್ ಡಿಮಿಟಿಸ್. ಎರಡೂ ಲೂಕನ ಸುವಾರ್ತೆಯವು. ಕ್ವಾಯರ್ ಎಂಬ ಗಾಯಕವೃಂದದ ಹುಡುಗರ ಬಾಯಲ್ಲಿ ಇವು ಮ್ಯಾಗ್ ಮತ್ತು ನಂಕ್.

1552ರಲ್ಲಿ ಪುಸ್ತಕವನ್ನು ತಿದ್ದಿದಾಗ ಈ ಎರಡಕ್ಕೂ ಒಂದೊಂದು ಪರ್ಯಾಯ ಕೊಟ್ಟರು. ಮರಿಯಳ ಹಾಡಿನ ಬದಲು 98ನೇ ಕೀರ್ತನೆ ಹಾಡಬಹುದು. ಸಿಮೆಯೋನನ ಹಾಡಿನ ಬದಲು 67ನೇ ಕೀರ್ತನೆ. ಈ ಅರವತ್ತೇಳನೆಯದು ಏಳೇ ವಚನಗಳ ಚಿಕ್ಕ ಪ್ರಾರ್ಥನೆ: ದೇವರ ಕೃಪೆ ನಮ್ಮ ಮೇಲಿರಲಿ, ಜನಾಂಗಗಳೆಲ್ಲ ಅವನನ್ನು ಕೊಂಡಾಡಲಿ, ಭೂಮಿ ಬೆಳೆ ಕೊಟ್ಟಿದೆ. ಸುಗ್ಗಿಯ ಕಂಪಿರುವ ಕೀರ್ತನೆ. ಇಂದು ಈವನ್‌ಸಾಂಗಿನಲ್ಲಿ ಇದನ್ನು ಸ್ತೋತ್ರದ ಜಾಗದಲ್ಲಿ ಹಾಡುವುದು ತೀರಾ ಕಡಿಮೆ. ಆದರೆ ಟ್ಯಾಲಿಸನ ಕಾಲಕ್ಕೆ ಇದು ಪ್ರಾರ್ಥನಾ ಪುಸ್ತಕವೇ ಒಪ್ಪಿದ ಸಂಜೆಯ ಪಠ್ಯ. ಪಾರ್ಕರನ ಪುಸ್ತಕದಲ್ಲಿ ಎಂಟನೆಯ ಮಟ್ಟನ್ನು ಕೂರಿಸಿರುವುದು ಈ ಅರವತ್ತೇಳನೆಯ ಕೀರ್ತನೆಗೇ.

ಇನ್ನು ಆ ಮಟ್ಟು. ಸಾಲಿಗೆ ಎಂಟು ಅಕ್ಷರ, ಅಂಥ ನಾಲ್ಕು ಸಾಲು, ಅಕ್ಷರಕ್ಕೊಂದೇ ಸ್ವರ. ದೊಡ್ಡ ಜಿಗಿತಗಳಿಲ್ಲ, ಗಮಕವಿಲ್ಲ. ಒಂದು ಸಲ ಕೇಳಿದ ಮಗು ಎರಡನೆಯ ಸಲಕ್ಕೆ ಜೊತೆಗೂಡಿ ಹಾಡಬಹುದು. ಇಷ್ಟು ಕೇಳಿದರೆ ಇದರಲ್ಲೇನಿದೆ ಎನ್ನಿಸುತ್ತದೆ. ಇರುವುದು ದನಿಗಳು ಒಂದರ ಹಿಂದೊಂದು ಬರುವ ಕ್ರಮದಲ್ಲಿ. ಇಂದಿನ ಹಾಡಿನ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಮೇಲಿನ ದನಿಯಾದ ಸೊಪ್ರಾನೊ ಮೊದಲು ಎತ್ತಿಕೊಳ್ಳುತ್ತದೆ. ಅದು ನಾಲ್ಕು ಸ್ವರ ಹಾಡಿ ಐದನೆಯದಕ್ಕೆ ಕಾಲಿಡುವಾಗ ಗಂಡಸರ ಎತ್ತರದ ದನಿಯಾದ ಟೆನರ್ ಅದೇ ಹಾಡನ್ನು ಒಂದು ಸ್ಥಾಯಿ ಕೆಳಗೆ, ಮೊದಲಿನಿಂದ ಹಿಡಿಯುತ್ತದೆ. ಅಲ್ಲಿಂದ ಕೊನೆಯವರೆಗೂ ಟೆನರ್ ನಾಲ್ಕು ಸ್ವರ ಹಿಂದೆಯೇ. ಒಂದು ಸ್ವರವನ್ನೂ ಬದಲಿಸುವುದಿಲ್ಲ. ಒಂದು ಕಡೆಯೂ ಕಾಯುವುದಿಲ್ಲ. ಇದು ಕ್ಯಾನನ್. ಟ್ಯಾಲಿಸ್ ಬರೆದ ಮೂಲದಲ್ಲಿ ಟೆನರ್ ಮುಂದೆ, ಮೇಲಿನ ದನಿ ಹಿಂದೆ. ಜೊತೆಗೆ ಪ್ರತಿ ಸಾಲೂ ಎರಡು ಸಲ ಬರುತ್ತದೆ. ಆಗ ಮುಖ್ಯ ಮಟ್ಟು ಟೆನರ್‌ನಲ್ಲಿರುವುದೇ ರೂಢಿ. ಉಳಿದೆರಡು ದನಿಗಳಾದ ಆಲ್ಟೊ ಮತ್ತು ಬಾಸ್ ಈ ಓಟದಲ್ಲಿ ಸೇರುವುದಿಲ್ಲ. ಓಡುವ ದನಿಗಳೆರಡೂ ಬಿಟ್ಟ ಜಾಗವನ್ನು ತುಂಬುತ್ತವೆ.

ನಮ್ಮ ಕಛೇರಿಯಲ್ಲಿ ಪಿಟೀಲಿನವರು ಗಾಯಕರ ಆಲಾಪನೆಯ ಬೆನ್ನು ಹತ್ತಿ ಬರುವುದನ್ನು ಎಲ್ಲರೂ ಕಂಡಿದ್ದೇವೆ. ಅಲ್ಲಿಯೂ ಹಿಂದಿನ ಸ್ವರದ ಮೇಲೆ ಮುಂದಿನದು ಬೀಳುತ್ತದೆ. ಆದರೆ ಹಾಗೆ ಬಿದ್ದದ್ದಕ್ಕೆ ಯಾರೂ ಲೆಕ್ಕ ಇಡುವುದಿಲ್ಲ. ಕಿವಿ ಗಾಯಕರ ಜಾಡಿನಲ್ಲಿರುತ್ತದೆ, ತಂಬೂರಿ ಎಲ್ಲವನ್ನೂ ಹೊತ್ತುಕೊಂಡಿರುತ್ತದೆ. ಕ್ಯಾನನ್ನಿನಲ್ಲಿ ಹಾಗಲ್ಲ. ಒಂದರ ಮೇಲೊಂದು ಬೀಳುವ ಪ್ರತಿಯೊಂದು ಸ್ವರಕ್ಕೂ ಲೆಕ್ಕ ಉಂಟು. ಷಡ್ಜದ ಜೊತೆ ಗಾಂಧಾರ ಬಂದರೆ ಸರಿ, ಪಂಚಮ ಬಂದರೆ ಸರಿ, ಧೈವತವೂ ಸರಿ. ರಿಷಭವೋ ನಿಷಾದವೋ ಮಾತ್ರೆಯ ಮೇಲೆಯೇ ಬಂದು ಕೂತರೆ ಕಿವಿಗೆ ಕಿರಿಕಿರಿ. ಎರಡು ದನಿಗಳು ಒಂದರ ನೆರಳಿನಂತೆ ಇನ್ನೊಂದು ಪಂಚಮದ ಅಂತರದಲ್ಲಿಯೇ ಜೋಡಿಯಾಗಿ ಸರಿಯುವುದನ್ನೂ ಆ ಕಾಲದ ವ್ಯಾಕರಣ ಒಪ್ಪುವುದಿಲ್ಲ.

ಟ್ಯಾಲಿಸನ ಮೇಜಿನ ಬಳಿ ನಿಂತು ನೋಡಿದರೆ ಕೆಲಸ ಹೀಗಿರುತ್ತದೆ. ನಾಲ್ಕು ಸಾಲನ್ನು ನಾಲ್ಕು ಸ್ವರಗಳ ಎಂಟು ಅರ್ಧ ಸಾಲುಗಳಾಗಿ ಒಡೆದುಕೊಳ್ಳಿ. ಮೊದಲ ಅರ್ಧವನ್ನು ಹೇಗೆ ಬೇಕಾದರೂ ಬರೆಯಬಹುದು. ಎರಡನೆಯದನ್ನು ಬರೆಯುವಾಗ ಸ್ವಾತಂತ್ರ್ಯ ಹೋಯಿತು, ಏಕೆಂದರೆ ಅದು ಕೇಳಿಸುವಾಗ ಹಿಂದಿನಿಂದ ಬರುವ ದನಿ ಮೊದಲನೆಯದನ್ನು ಹಾಡುತ್ತಿರುತ್ತದೆ. ಎರಡೂ ಹೊಂದಬೇಕು. ಮೂರನೆಯದು ಎರಡನೆಯದಕ್ಕೆ ಹೊಂದಬೇಕು, ನಾಲ್ಕನೆಯದು ಮೂರನೆಯದಕ್ಕೆ. ಹೀಗೆ ಎಂಟರವರೆಗೆ. ಬರೆದ ಪ್ರತಿಯೊಂದು ಅರ್ಧವೂ ಮುಂದಿನದಕ್ಕೆ ಕಟ್ಟುಪಾಡಾಗುತ್ತ ಹೋಗುತ್ತದೆ. ಒಂದು ಕಡೆ ಒಂದು ಸ್ವರ ತಿದ್ದಿದರೆ ಅದರ ಏಟು ಮುಂದೆ ಎಲ್ಲಿಯವರೆಗೆ ಹೋಗುತ್ತದೋ ಹೇಳಲಾಗದು. ಇಷ್ಟೆಲ್ಲ ಆದ ಮೇಲೆ ಅದು ಮಗ್ಗಿ ಒಪ್ಪಿಸಿದಂತೆ ಕೇಳಿಸಬಾರದು; ಹಾಡಿನಂತೆ ಕೇಳಿಸಬೇಕು. ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳಲು ಎಡೆ ಬೇಕು. ಮುಂದಿನ ದನಿ ನಿಲುಗಡೆಗೆ ಬಂದಾಗ ಹಿಂದಿನದು ಸಾಲಿನ ನಡುವೆ ಇರುತ್ತದೆ, ಆದ್ದರಿಂದ ಒಟ್ಟು ಹಾಡು ಎಲ್ಲಿಯೂ ಪೂರ್ತಿ ನಿಲ್ಲುವುದಿಲ್ಲ. ಟ್ಯಾಲಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಕೊನೆಯ ಅರ್ಧ ಮೊದಲನೆಯದಕ್ಕೂ ಹೊಂದುತ್ತದೆ. ಹಾಗಾಗಿ ಶಾಲೆಯ ಮಕ್ಕಳು ನಾಲ್ಕು ಗುಂಪಾಗಿ ಒಬ್ಬರ ಹಿಂದೊಬ್ಬರು ಇದನ್ನು ಸುತ್ತು ಹಾಕಿಕೊಂಡು ಎಷ್ಟು ಹೊತ್ತು ಬೇಕಾದರೂ ಹಾಡಬಹುದು.

ಇಷ್ಟು ಕಷ್ಟಪಟ್ಟದ್ದು ಯಾರಿಗಾಗಿ? ಪುಸ್ತಕ ಇದ್ದದ್ದು ಮನೆಯಲ್ಲಿ, ಖಾಸಗಿ ಪ್ರಾರ್ಥನೆಯಲ್ಲಿ ಕೀರ್ತನೆ ಹಾಡುವ ಭಕ್ತರಿಗೆ. ಅವರಲ್ಲಿ ಎಷ್ಟು ಮಂದಿಗೆ ಹಿಂದಿನ ದನಿಯ ಈ ಓಟ ಗೊತ್ತಾಗುತ್ತಿತ್ತೋ! ನನ್ನ ಮಟ್ಟಿಗೆ ಟ್ಯಾಲಿಸನ ಇಡೀ ಬಾಳಿನ ಬುದ್ಧಿವಂತಿಕೆ ಇಲ್ಲಿದೆ. ಅದು ತಿಳಿಯಬೇಕಾದರೆ ಅವನು ಯಾವ ಯಾವ ಅರಸರ ಕೈಕೆಳಗೆ ಹಾಡು ಕಟ್ಟಿದ ಎಂದು ನೋಡಬೇಕು.

ಹುಟ್ಟಿದ್ದು ಸುಮಾರು 1505. 1530ರ ದಶಕದ ಆರಂಭದಲ್ಲಿ ಡೋವರ್‌ನ ಸಣ್ಣ ಮಠದಲ್ಲಿ ಆರ್ಗನ್ ನುಡಿಸುತ್ತಿದ್ದ. ಆಮೇಲೆ ಲಂಡನ್ನಿನ ಒಂದು ಚರ್ಚು, ಅನಂತರ ವಾಲ್ತಮ್‌ನ ದೊಡ್ಡ ಮಠ. ಅಷ್ಟರಲ್ಲಿ ಎಂಟನೆಯ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ವಶಪಡಿಸಿಕೊಳ್ಳುತ್ತಿದ್ದ. 1540ರ ಮಾರ್ಚಿನಲ್ಲಿ ವಾಲ್ತಮ್‌ನ ಸರದಿ ಬಂತು. ಟ್ಯಾಲಿಸನಿಗೆ ಬಾಕಿ ಸಂಬಳ ಇಪ್ಪತ್ತು ಶಿಲಿಂಗ್, ಬಕ್ಷೀಸು ಇಪ್ಪತ್ತು ಶಿಲಿಂಗ್ ಕೊಟ್ಟು ಕಳುಹಿಸಿದರು. ಹೊರಡುವಾಗ ಅವನ ಕೈಯಲ್ಲಿ ಸಂಗೀತಶಾಸ್ತ್ರದ ಒಂದು ಹಳೆಯ ಹಸ್ತಪ್ರತಿ ಇತ್ತು. ಅವನ ಸಹಿಯಿರುವ ಆ ಪ್ರತಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಲ್ಲಿಂದ ಕ್ಯಾಂಟರ್ಬರಿ, ಅಲ್ಲಿಂದ ಚಾಪೆಲ್ ರಾಯಲ್. ಮುಂದಿನ ನಲವತ್ತು ವರ್ಷ ಅಲ್ಲಿಯೇ.

ಆ ನಲವತ್ತು ವರ್ಷಗಳಲ್ಲಿ ದೇವರಿಗೆ ಯಾವ ಭಾಷೆಯಲ್ಲಿ ಹಾಡಬೇಕು, ಹೇಗೆ ಹಾಡಬೇಕು ಎಂಬ ಆಜ್ಞೆ ಮೇಲಿಂದ ಮೇಲೆ ಬದಲಾಯಿತು. ಹೆನ್ರಿಯ ಕಾಲದಲ್ಲಿ ಲ್ಯಾಟಿನ್. ಒಂದೊಂದು ಅಕ್ಷರವನ್ನು ಹತ್ತಾರು ಸ್ವರಗಳ ಮೇಲೆ ಎಳೆಯುವ, ಐದಾರು ದನಿಗಳು ಬಳ್ಳಿಯಂತೆ ಹೆಣೆದುಕೊಳ್ಳುವ ಶೈಲಿ. 1544ರಲ್ಲಿ ಆಗಿನ ಆರ್ಚ್‌ಬಿಷಪ್ ತಾಮಸ್ ಕ್ರಾನ್ಮರ್ ಅರಸನಿಗೆ ಒಂದು ಕಾಗದ ಬರೆದ. ಹಾಡಿನಲ್ಲಿ ಸ್ವರಗಳು ಕಿಕ್ಕಿರಿದಿರಬಾರದು, ಸಾಧ್ಯವಾದಷ್ಟೂ ಅಕ್ಷರಕ್ಕೊಂದೇ ಸ್ವರವಿರಲಿ, ಮಾತು ಸ್ಪಷ್ಟವಾಗಿ ಕೇಳಲಿ ಎಂಬುದು ಅದರ ಸಾರ. ಬಾಲಕ ಅರಸ ಆರನೆಯ ಎಡ್ವರ್ಡ್‌ನ ಕಾಲದಲ್ಲಿ ಅದೇ ನೀತಿಯಾಯಿತು. ಲ್ಯಾಟಿನ್ ಹೋಯಿತು, ಇಂಗ್ಲಿಷ್ ಬಂತು. ಮೇರಿ ಬಂದಳು, ಇಂಗ್ಲಿಷ್ ಹೋಗಿ ಲ್ಯಾಟಿನ್ ಮರಳಿತು. ಎಲಿಜಬೆತ್ ಬಂದಳು, ಮತ್ತೆ ಇಂಗ್ಲಿಷ್. ಆದರೆ ಅವಳಿಗೆ ಒಳ್ಳೆಯ ಸಂಗೀತ ಬೇಕಿತ್ತು. ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಯ ಮೊದಲಲ್ಲೋ ಕೊನೆಯಲ್ಲೋ ಸೊಗಸಾದ ಹಾಡೊಂದನ್ನು ಹಾಡಬಹುದು, ಅರ್ಥ ತಿಳಿಯುವಂತಿದ್ದರೆ ಸರಿ ಎಂದು 1559ರಲ್ಲಿ ಅಪ್ಪಣೆ ಕೊಟ್ಟಳು.

ಈ ಏರುಪೇರುಗಳಲ್ಲಿ ಬಿಷಪ್ಪರು ಬೆಂಕಿಗೆ ಬಿದ್ದರು. ಕ್ರಾನ್ಮರನನ್ನೇ 1556ರಲ್ಲಿ ಕಂಬಕ್ಕೆ ಕಟ್ಟಿ ಸುಟ್ಟರು. ಟ್ಯಾಲಿಸ್ ಮಾತ್ರ ನಾಲ್ವರು ಅರಸು-ರಾಣಿಯರಿಗೂ ಹಾಡುತ್ತ, ಹಾಡು ಬರೆಯುತ್ತ ಇದ್ದ. ಒಳಗೊಳಗೆ ಅವನು ಹಳೆಯ ಕಥೋಲಿಕ ನಂಬಿಕೆಯನ್ನು ಬಿಟ್ಟಿರಲಿಲ್ಲ ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಅವನ ಬಾಯಿಂದ ಬಂದ ಒಂದು ಮಾತೂ ಅದಕ್ಕೆ ಸಾಕ್ಷಿಯಾಗಿ ಉಳಿದಿಲ್ಲ. ಅವಕಾಶವಾದಿ ಎಂದು ಕರೆಯುವುದು ಸುಲಭ. ನಾನು ಹಾಗೆನ್ನಲಾರೆ. ಅಪ್ಪಣೆ ಹೇಗಿತ್ತೋ ಹಾಗೆ ಬರೆದ, ಆದರೆ ಅಪ್ಪಣೆಯ ಅಳತೆಗೆ ತನ್ನ ವಿದ್ಯೆಯನ್ನು ಕುಗ್ಗಿಸಲಿಲ್ಲ.

ಎಂಟನೆಯ ಮಟ್ಟನ್ನು ಕ್ರಾನ್ಮರನ ಕಾಗದದ ಪಕ್ಕದಲ್ಲಿಟ್ಟು ನೋಡಿ. ಅಕ್ಷರಕ್ಕೊಂದೇ ಸ್ವರ. ಕಿಕ್ಕಿರಿದಿಲ್ಲ. ಅತಿ ಕಟ್ಟುನಿಟ್ಟಿನ ಸುಧಾರಕನೂ ಆಕ್ಷೇಪಿಸಲಾರ. ಅದೇ ಮಟ್ಟಿನೊಳಗೆ, ಯಾವ ಲ್ಯಾಟಿನ್ ಹೆಣಿಗೆಯನ್ನು ಚರ್ಚಿನಿಂದ ಹೊರಗಟ್ಟಿದರೋ ಆ ಹೆಣಿಗೆಯ ಅತಿ ಕಠಿಣವಾದ ಕಸುಬು ಕೂತಿದೆ. ಇದನ್ನು ಪ್ರತಿಭಟನೆ ಎಂದು ಹೆಸರಿಡಲು ನನಗೆ ಮನಸ್ಸಿಲ್ಲ. ಕೈ ಪಳಗಿದ ಕಸುಬುದಾರ ಸಾದಾ ಕೆಲಸವನ್ನೂ ಸಾದಾ ಆಗಿ ಮಾಡಲಾರ, ಅಷ್ಟೇ.

ಆ ಕೈ ಎಷ್ಟು ಪಳಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿಗಳಿವೆ. ‘ಸ್ಪೆಮ್ ಇನ್ ಆಲಿಯಂ’ ಎಂಬ ಕೃತಿ ನಲವತ್ತು ಬೇರೆ ಬೇರೆ ದನಿಗಳಿಗೆ, ಐದೈದು ದನಿಗಳ ಎಂಟು ತಂಡಗಳಿಗೆ ಬರೆದದ್ದು. ಅದರ ಹೆಸರು ಜಗತ್ತಿಗೆಲ್ಲ ಗೊತ್ತು. ಕ್ಯಾನನ್ನಿನ ವಿಷಯಕ್ಕೆ ಬಂದರೆ ನಾನು ಮೊದಲು ತೋರಿಸುವುದು ಏಳು ದನಿಗಳ ‘ಮಿಸೆರೆರೆ ನಾಸ್ಟ್ರಿ’. ಮೇಲಿನ ಎರಡು ದನಿಗಳು ಒಂದನ್ನೊಂದು ಒಂದೇ ಶ್ರುತಿಯಲ್ಲಿ ಹಿಂಬಾಲಿಸುತ್ತವೆ. ಇನ್ನು ನಾಲ್ಕು ದನಿಗಳು ಒಂದೇ ಸಾಲನ್ನು ಹಾಡುತ್ತವೆ, ಆದರೆ ನಾಲ್ಕು ಬೇರೆ ಬೇರೆ ಕಾಲಗಳಲ್ಲಿ. ಅವುಗಳಲ್ಲಿ ಕೆಲವು ಸಾಲನ್ನು ತಲೆಕೆಳಗು ಮಾಡಿ, ಆರೋಹಣವಿದ್ದಲ್ಲಿ ಅವರೋಹಣವಾಗಿ ಹಾಡುತ್ತವೆ. ಉಳಿದ ಟೆನರ್ ಒಂದೇ ಸ್ವತಂತ್ರ. ಕಾಗದದ ಮೇಲೆ ನೋಡಿದರೆ ತಲೆ ತಿರುಗುತ್ತದೆ. ಕೇಳಿದರೆ ಎರಡು ಮೂರು ನಿಮಿಷ ಮಂದ್ರವಾಗಿ ಹರಿಯುವ ಒಂದು ಪ್ರಾರ್ಥನೆ. ಇದನ್ನು ಪ್ರಕಟಿಸಿದ್ದು 1575ರಲ್ಲಿ, ಶಿಷ್ಯನೂ ಗೆಳೆಯನೂ ಆಗಿದ್ದ ವಿಲಿಯಂ ಬರ್ಡ್ ಜೊತೆಗೂಡಿ ತಂದ ಸಂಗ್ರಹದಲ್ಲಿ. ಸಂಗೀತ ಅಚ್ಚು ಹಾಕುವ ಹಕ್ಕನ್ನು ರಾಣಿ ಇವರಿಬ್ಬರಿಗೇ ಇಪ್ಪತ್ತೊಂದು ವರ್ಷಕ್ಕೆ ಬರೆದುಕೊಟ್ಟಿದ್ದಳು. ಪುಸ್ತಕ ಮಾತ್ರ ಖರ್ಚಾಗಲಿಲ್ಲ. ನಷ್ಟವಾಗಿದೆ, ಏನಾದರೂ ದಾರಿ ಮಾಡಿಕೊಡಬೇಕು ಎಂದು 1577ರಲ್ಲಿ ಇಬ್ಬರೂ ರಾಣಿಗೆ ಅರ್ಜಿ ಹಾಕಿದರು. ಏಕಸ್ವಾಮ್ಯ ಇದ್ದೂ ನಷ್ಟ ಮಾಡಿಕೊಳ್ಳುವುದು ಸಂಗೀತಗಾರರಿಗೆ ಮಾತ್ರ ಸಾಧ್ಯವೇನೋ. 1585ರ ನವೆಂಬರಿನಲ್ಲಿ ಟ್ಯಾಲಿಸ್ ಗ್ರೀನಿಚ್‌ನಲ್ಲಿ ತೀರಿಕೊಂಡ. ಅವನನ್ನು ಹೂಳಿದ ಸಂತ ಆಲ್ಫೀಜ್ ಚರ್ಚಿನ ಚಾವಣಿ 1710ರ ಬಿರುಗಾಳಿಗೆ ಕುಸಿಯಿತು. ಈಗ ಅಲ್ಲಿರುವುದು ನಿಕೊಲಸ್ ಹಾಕ್ಸ್‌ಮೂರ್ ಕಟ್ಟಿದ ಚರ್ಚು.

ಎಂಟನೆಯ ಮಟ್ಟು ಟ್ಯಾಲಿಸನ ನಂತರವೂ ಉಳಿದದ್ದಕ್ಕೆ ಮೊದಲ ಕಾರಣ ಒಂದು ಕತ್ತರಿ. 1621ರಲ್ಲಿ ತಾಮಸ್ ರೇವನ್ಸ್‌ಕ್ರಾಫ್ಟ್ ಎಂಬಾತ ಕೀರ್ತನೆಗಳ ಮಟ್ಟುಗಳ ಸಂಗ್ರಹ ಹೊರತಂದ. ಪ್ರತಿ ಸಾಲನ್ನು ಎರಡೆರಡು ಸಲ ಹಾಡುವ ಕ್ರಮವನ್ನು ತೆಗೆದುಹಾಕಿ, ಮಟ್ಟನ್ನು ಇಂದಿನ ನಾಲ್ಕು ಸಾಲಿನ ಅಳತೆಗೆ ತಂದವನು ಅವನೇ. ಶುದ್ಧವಾದಿಗಳು ಇದಕ್ಕೆ ಮೂಗು ಮುರಿಯುತ್ತಾರೆ. ನನಗೆ ಕತ್ತರಿಸಿದ ರೂಪವೇ ಇಷ್ಟ. ಮೂಲದಲ್ಲಿ ಸಾಲು ಮರಳಿ ಬರುವುದರಿಂದ ಹಿಂಬಾಲಿಸುವ ದನಿಯ ಓಟ ಅಷ್ಟು ಬಿಗಿಯಾಗಿ ಕಾಣುವುದಿಲ್ಲ.

ಎರಡನೆಯ ಕಾರಣ ತಾಮಸ್ ಕೆನ್. ವಿಂಚೆಸ್ಟರ್ ಕಾಲೇಜಿನಲ್ಲಿ ಓದಿ, ಮುಂದೆ ಅಲ್ಲಿಯೇ ಫೆಲೊ ಆಗಿದ್ದ ಪಾದ್ರಿ. ಹುಡುಗರಿಗೆಂದು 1674ರಲ್ಲಿ ಒಂದು ಪ್ರಾರ್ಥನಾ ಕೈಪಿಡಿ ಬರೆದ. ಅದರ 1695ರ ಆವೃತ್ತಿಯಲ್ಲಿ ಬೆಳಗಿಗೊಂದು, ಸಂಜೆಗೊಂದು, ನಡುರಾತ್ರಿಗೊಂದು ಹಾಡು ಸೇರಿದವು. ಮನುಷ್ಯ ಹಟಮಾರಿ. ಅರಸ ಎರಡನೆಯ ಚಾರ್ಲ್ಸ್ ವಿಂಚೆಸ್ಟರಿಗೆ ಬಂದಾಗ, ಅವನ ಪ್ರೇಯಸಿ, ನಾಟಕದ ನಟಿ ನೆಲ್ ಗ್ವಿನ್‌ಗೆ ಕೆನ್‌ನ ಮನೆ ಬಿಟ್ಟುಕೊಡಬೇಕೆಂದು ಹೇಳಿಕಳುಹಿಸಿದರಂತೆ. ಕೆನ್ ಆಗುವುದಿಲ್ಲ ಎಂದ. ಅರಸ ಸಿಟ್ಟಾಗುವುದರ ಬದಲು ಮುಂದೆ ಅವನನ್ನೇ ಬಾತ್ ಮತ್ತು ವೆಲ್ಸ್‌ನ ಬಿಷಪ್ ಮಾಡಿದ. 1688ರಲ್ಲಿ ಎರಡನೆಯ ಜೇಮ್ಸ್‌ನ ಘೋಷಣೆಯನ್ನು ಓದಲು ಒಪ್ಪದೆ ಲಂಡನ್ ಟವರ್‌ಗೆ ಹೋದ ಏಳು ಬಿಷಪ್ಪರಲ್ಲಿ ಇವನೂ ಒಬ್ಬ. ಜೇಮ್ಸ್ ಓಡಿಹೋಗಿ ವಿಲಿಯಂ ಬಂದಾಗ, ಜೇಮ್ಸ್‌ಗೆ ಕೊಟ್ಟ ಪ್ರಮಾಣವಚನ ಮುರಿಯಲಾರೆ ಎಂದು ಹೊಸ ಅರಸನಿಗೆ ಪ್ರಮಾಣ ಮಾಡಲು ನಿರಾಕರಿಸಿ ಪದವಿಯನ್ನೇ ಕಳೆದುಕೊಂಡ. ಹೊತ್ತಿಗೆ ತಕ್ಕಂತೆ ಹಾಡಿ ಬದುಕಿದ ಟ್ಯಾಲಿಸನಿಗೂ ಈತನಿಗೂ ಎಷ್ಟು ದೂರ! ಆದರೂ 1732ರ ಹೊತ್ತಿಗೆ ಕೆನ್‌ನ ಸಂಜೆಯ ಹಾಡು ಟ್ಯಾಲಿಸನ ಮಟ್ಟಿಗೆ ಸೇರಿಕೊಂಡಿತ್ತು. ಎಂಟು ಅಕ್ಷರದ ನಾಲ್ಕು ಸಾಲು, ಅಳತೆ ಕರಾರುವಾಕ್ಕು. ಅಂದಿನಿಂದ ಆ ಜೋಡಿ ಬಿಟ್ಟಿಲ್ಲ. ಅರವತ್ತೇಳನೆಯ ಕೀರ್ತನೆಯ ಜೊತೆ ಸಂಜೆಯ ಪ್ರಾರ್ಥನೆಗೆ ಹೊಂದಿದ್ದ ಮಟ್ಟು, ಪಠ್ಯ ಬದಲಾದರೂ ಸಂಜೆಯಲ್ಲಿಯೇ ಉಳಿಯಿತು. ಇದು ಕಾಕತಾಳೀಯ, ಹೆಚ್ಚು ಅರ್ಥ ಹುಡುಕಬೇಕಾಗಿಲ್ಲ.

ಇತ್ತ ಸ್ತೋತ್ರಗಳಲ್ಲಿಯೂ ಕ್ಯಾನನ್ನಿನ ಗೀಳು ಮುಂದುವರಿಯಿತು. ಪ್ರತಿ ಸ್ತೋತ್ರದ ಕೊನೆಗೂ ತಂದೆ, ಮಗ, ಪವಿತ್ರಾತ್ಮರಿಗೆ ಮಹಿಮೆ ಹೇಳುವ ಗ್ಲೋರಿಯಾ ಬರುತ್ತದೆ. ಪಠ್ಯ ಯಾವಾಗಲೂ ಅದೇ ಆದ್ದರಿಂದ, ರಚನೆಕಾರರು ತಮ್ಮ ವಿದ್ಯೆ ತೋರಿಸಲು ಆ ಜಾಗವನ್ನೇ ಆರಿಸಿಕೊಳ್ಳುತ್ತಿದ್ದರು. ವೆಸ್ಟ್‌ಮಿನ್‌ಸ್ಟರ್ ಆ್ಯಬಿಯ ಆರ್ಗನ್ ವಾದಕ ಜಾನ್ ಬ್ಲೋ, ಒಂದೇ ಸಾಲಿನಿಂದ ನಾಲ್ಕು ದನಿಗಳು ಹೊರಡುವ ಗ್ಲೋರಿಯಾ ಬರೆದ. 1708ರಲ್ಲಿ ಸತ್ತಾಗ ಆ್ಯಬಿಯಲ್ಲಿ ಅವನ ಸ್ಮಾರಕದ ಮೇಲೆ ಆ ಕ್ಯಾನನ್ನಿನ ಸ್ವರಗಳನ್ನೇ ಕಲ್ಲಿನಲ್ಲಿ ಕೆತ್ತಿಸಿದರು. ಪ್ರಸಿದ್ಧ ಹೆನ್ರಿ ಪರ್ಸೆಲ್‌ನ ಗುರು ಎಂಬ ಮಾತೂ ಅಲ್ಲಿಯೇ ಇದೆ. ಶಿಷ್ಯ ಪರ್ಸೆಲ್ ತನ್ನ ಬಿ ಫ್ಲ್ಯಾಟ್ ಸರ್ವಿಸ್ ಎಂಬ ಬೆಳಗು-ಸಂಜೆಯ ಸ್ತೋತ್ರಗಳ ಗುಚ್ಛದಲ್ಲಿ ಬಗೆಬಗೆಯ ಕ್ಯಾನನ್‌ಗಳನ್ನು ತುಂಬಿಬಿಟ್ಟ. ಗುರುವನ್ನು ಮೀರಿಸಬೇಕೆಂಬ ಹುಮ್ಮಸ್ಸು ಅದರಲ್ಲಿ ಕೇಳಿಸುತ್ತದೆ. ಕೊಂಚ ಬೀಗುವುದೂ ಕೇಳಿಸುತ್ತದೆ. ಟ್ಯಾಲಿಸನಲ್ಲಿ ಆ ಬೀಗು ಇಲ್ಲ.

ಈವನ್‌ಸಾಂಗ್ ಇಂದಿಗೂ ನಡೆಯುತ್ತಿದೆ. ಆ್ಯಬಿಯನ್ನು ನೋಡಲು ಟಿಕೆಟ್ಟಿನ ಸರತಿಯಲ್ಲಿ ನಿಲ್ಲುವ ಪ್ರವಾಸಿಗರಿಗೆ ಹೆಚ್ಚಾಗಿ ಗೊತ್ತಿರದ ಸಂಗತಿ: ಸಂಜೆಯ ಪ್ರಾರ್ಥನೆಗೆ ಬರುವವರಿಗೆ ಟಿಕೆಟ್ ಇಲ್ಲ. ಧರ್ಮ ಯಾವುದು ಎಂದು ಯಾರೂ ಕೇಳುವುದಿಲ್ಲ. ಮುಕ್ಕಾಲು ಗಂಟೆ ಕೂತು ಕೇಳಿ ಬರಬಹುದು. ಊರಲ್ಲೇ ಇರುವವರಿಗೆ ಬಿಬಿಸಿ ಇದೆ. 1926ರ ಅಕ್ಟೋಬರಿನಲ್ಲಿ ಇದೇ ಆ್ಯಬಿಯಿಂದ ಶುರುವಾದ ಈವನ್‌ಸಾಂಗಿನ ಪ್ರಸಾರ ಇಂದಿಗೂ ನಿಂತಿಲ್ಲ.

ಆದರೆ ಟ್ಯಾಲಿಸನ ಕ್ಯಾನನ್ನನ್ನು ಕೇಳುವ ಆಸೆಯಿಂದ ಹೋದವರಿಗೆ ಒಂದು ನಿರಾಸೆ ಕಾದಿರುತ್ತದೆ. ಸಭೆಯೆಲ್ಲ ಎದ್ದು ನಿಂತು ಆರ್ಗನ್ನಿನ ಜೊತೆ ಹಾಡುವಾಗ ಕ್ಯಾನನ್ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಕಾರಣ ಸರಳ. ಸಭೆಯಲ್ಲಿ ಗಂಡಸರು ಹಾಡುವುದು ಸೊಪ್ರಾನೊದ ಮಟ್ಟನ್ನೇ, ಒಂದು ಸ್ಥಾಯಿ ಕೆಳಗೆ. ಟೆನರ್‌ಗಳು ಹಿಂದಿನಿಂದ ಬರುತ್ತಿರುವುದೂ ಅದೇ ಸ್ಥಾಯಿಯಲ್ಲಿ. ಮುಂದಿನದೂ ಹಿಂದಿನದೂ ಒಂದರೊಳಗೊಂದು ಸೇರಿ ಕಲಸುಮೇಲೋಗರ. ಕ್ವಾಯರಿನಲ್ಲಿ ಟೆನರ್‌ಗಳು ಇಬ್ಬರೋ ಮೂವರೋ, ಅದರಲ್ಲೊಬ್ಬರಿಗೆ ನೆಗಡಿ ಬೇರೆ. ಆರ್ಗನ್ ವಾದಕರು ಜಾಣರಾಗಿದ್ದರೆ ಒಂದು ಚರಣದಲ್ಲಿ ಸಭೆಯನ್ನು ಎರಡು ಭಾಗ ಮಾಡಿ ಹಾಡಿಸುತ್ತಾರೆ. ಇಲ್ಲದಿದ್ದರೆ ಪಕ್ಕವಾದ್ಯವಿಲ್ಲದ ನಾಲ್ಕೇ ದನಿಗಳ ಧ್ವನಿಮುದ್ರಣ ಹುಡುಕಿ, ಕಿವಿಯನ್ನು ಟೆನರ್ ಮೇಲೆ ಇಟ್ಟು ಕೇಳುವುದು ಉತ್ತಮ. ಒಮ್ಮೆ ಆ ಹಿಂಬಾಲಿಸುವ ದನಿ ಕಿವಿಗೆ ಸಿಕ್ಕಿತೆಂದರೆ ಆಮೇಲೆ ಬಿಡುವುದಿಲ್ಲ.

ಕಿವಿಗೆ ಅದನ್ನು ಸಿಕ್ಕಿಸುವ ಕೆಲಸವನ್ನು ಅತ್ಯಂತ ಚೆನ್ನಾಗಿ ಮಾಡಿದವರು ಬೆಂಜಮಿನ್ ಬ್ರಿಟನ್. ಅವರ ‘ನೋಯಿಸ್ ಫ್ಲಡ್’ ನೋಹನ ಜಲಪ್ರಳಯದ ಕಥೆಯನ್ನು ಹೇಳುವ ಸಂಗೀತ ನಾಟಕ. ಮೊದಲ ಪ್ರದರ್ಶನ 1958ರ ಜೂನ್ 18ರಂದು, ಸಫಕ್ ಕಡಲ ತೀರದ ಆರ್ಫರ್ಡ್ ಹಳ್ಳಿಯ ಚರ್ಚಿನಲ್ಲಿ. ಹಾಡುವವರು, ನುಡಿಸುವವರಲ್ಲಿ ಬಹುಪಾಲು ಮಕ್ಕಳು. ಮಳೆಯ ಮೊದಲ ಹನಿಗಳಿಗೆ, ದಾರಕ್ಕೆ ನೇತುಹಾಕಿದ ಚಹಾ ಮಗ್ಗುಗಳನ್ನು ಬಡಿಯುತ್ತಾರೆ. ನೀರು ಇಳಿದು, ಪ್ರಾಣಿಗಳ ವೇಷದ ಮಕ್ಕಳು ಜೋಡಿಜೋಡಿಯಾಗಿ ನಾವೆಯಿಂದ ಹೊರಬಂದ ಮೇಲೆ, ಸೂರ್ಯ ಚಂದ್ರ ನಕ್ಷತ್ರಗಳನ್ನು ಕುರಿತ ಜೋಸೆಫ್ ಆ್ಯಡಿಸನ್‌ನ ಹಾಡು ಬರುತ್ತದೆ. ಮಟ್ಟು ಟ್ಯಾಲಿಸನ ಎಂಟನೆಯದು. ಬ್ರಿಟನ್ ಮೊದಲಿಗೇ ಎಲ್ಲರ ಕೈಗೂ ಕೊಟ್ಟುಬಿಡುವುದಿಲ್ಲ. ಮಟ್ಟು ಒಂಟಿಯಾಗಿ ಶುರುವಾಗುತ್ತದೆ, ಚರಣ ಸರಿದಂತೆ ದನಿಗಳು ಸೇರುತ್ತವೆ, ಸಭಿಕರೂ ಎದ್ದು ಸೇರುತ್ತಾರೆ. ಅಷ್ಟು ಹೊತ್ತಿಗೆ ಮಟ್ಟು ಎಲ್ಲರಿಗೂ ಬಾಯಿಪಾಠ. ಆಮೇಲೆ ಕ್ಯಾನನ್. ಪಕ್ಕದವರು ನಾಲ್ಕು ಸ್ವರ ಹಿಂದೆ ಇದ್ದಾರೆಂಬುದು ಆಗ ಪ್ರತಿಯೊಬ್ಬರಿಗೂ ಕೇಳಿಸುತ್ತದೆ. ಪಕ್ಕದವರ ದನಿಗೆ ಸಿಕ್ಕಿ ತಮ್ಮ ಸಾಲು ತಪ್ಪದಂತೆ ನೋಡಿಕೊಳ್ಳುವ ಪಾಡೂ ಪ್ರತಿಯೊಬ್ಬರದೇ.